ಮಗು ಹುಟ್ಟಿದ ಮನೆಯ ಅಪ್ಪನಿಗೆ 15 ದಿನ ಕೊಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ.

ನಾನು ನಿವೃತ್ತ ನರ್ಸ್. ಉತ್ತರ ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡುಗಳಲ್ಲೇ ನನ್ನ ಸರ್ವಿಸ್ ಹೆಚ್ಚುಕಮ್ಮಿ ಮುಗಿಯಿತು. ಏನು ಕೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೋ ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಮಗು ಹುಟ್ಟಿದ ಪ್ರತಿಯೊಬ್ಬ ಅಪ್ಪನಿಗೂ 15 ದಿನ ಸಂಬಳದ ರಜೆ ಸಿಗಬೇಕು. ಸರ್ಕಾರಿ ನೌಕರನಿಗೆ ಮಾತ್ರ ಅಲ್ಲ. ಗಾರ್ಮೆಂಟ್ಸ್‌ನಲ್ಲಿ ಬಟ್ಟೆ ಕಟಿಂಗ್ ಮಾಡುವವನಿಗೆ, ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವವನಿಗೆ, ಗೌಂಡಿ ಕೆಲಸದವನಿಗೆ, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವವನಿಗೆ, ಎಲ್ಲರಿಗೂ.

ಜೂನ್ ತಿಂಗಳ ಮೂರನೇ ಭಾನುವಾರ, ಅಪ್ಪಂದಿರ ದಿನ ಬಂತು ಅಂದರೆ ಎಲ್ಲರ ಸ್ಟೇಟಸ್‌ನಲ್ಲೂ ಅಪ್ಪನ ಹಳೇ ಫೋಟೋ ಇರುತ್ತದೆ. ನನಗೆ ಅದು ಇಷ್ಟ. ಬದುಕಿರುವಾಗ ಎದುರಿಗೆ ಹೇಳಲಾಗದ ಮಾತನ್ನು ಜನ ಆವತ್ತಾದರೂ ಬರೆಯುತ್ತಾರೆ. ಆದರೆ ಆ ದಿನ ಎಲ್ಲಿಂದ ಶುರುವಾಯಿತು ಅನ್ನುವುದು ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸ್ಪೊಕೇನ್ ಅಂತ ಊರು. ಅಲ್ಲಿನ ಸೊನೊರಾ ಸ್ಮಾರ್ಟ್ ಡಾಡ್ ಎಂಬ ಹೆಣ್ಣುಮಗಳು ಹದಿನಾರು ವರ್ಷದವಳಿದ್ದಾಗ, 1898ರಲ್ಲಿ, ಅವಳ ತಾಯಿ ಆರನೇ ಹೆರಿಗೆಯಲ್ಲಿ ತೀರಿಕೊಂಡರು. ಅಪ್ಪ ವಿಲಿಯಂ ಸ್ಮಾರ್ಟ್, ಸೈನ್ಯದಲ್ಲಿದ್ದು ಬಂದವರು. ಹಸುಗೂಸೂ ಸೇರಿ ಆರೂ ಮಕ್ಕಳನ್ನು ಅವರೇ ಸಾಕಿ ದೊಡ್ಡವರನ್ನು ಮಾಡಿದರು. ಆ ಅಪ್ಪನನ್ನು ನೆನೆದೇ ಮಗಳು ಊರಿನ ಚರ್ಚುಗಳನ್ನು ಒಪ್ಪಿಸಿ 1910ರ ಜೂನ್ 19ರಂದು ಮೊದಲ ಬಾರಿ ಅಪ್ಪಂದಿರ ದಿನ ಮಾಡಿಸಿದ್ದು. ಅಮೆರಿಕದ ಸರ್ಕಾರ ಅದಕ್ಕೆ ಕಾಯಂ ಮಾನ್ಯತೆ ಕೊಟ್ಟದ್ದು 1972ರಲ್ಲಿ.

ಹೆರಿಗೆ ವಾರ್ಡಿನಲ್ಲಿ ಆಯುಷ್ಯ ಕಳೆದವಳಿಗೆ ಈ ಕತೆ ಬೇರೆಯವರಿಗಿಂತ ಜಾಸ್ತಿ ತಾಗುತ್ತದೆ. ಆ ದಿನ ಹುಟ್ಟಿದ್ದು ದುಡಿದು ತಂದು ಹಾಕಿದ ಅಪ್ಪನನ್ನು ಹೊಗಳುವುದಕ್ಕಲ್ಲ, ಎಳೆ ಮಗುವನ್ನು ಕೈಯಲ್ಲಿ ಹಿಡಿದು ಬೆಳೆಸಿದ ಅಪ್ಪನಿಗಾಗಿ. ನಮ್ಮಲ್ಲೂ ಅಂಥ ಅಪ್ಪಂದಿರಿಗೆ ಕೊರತೆ ಇಲ್ಲ. ಅವರಿಗೆ ಸಿಗದಿರುವುದು ಸಮಯ.

ಒಬ್ಬ ಹುಡುಗನ ವಿಷಯ ಹೇಳಬೇಕು. ಎಂಟನೇ ತಿಂಗಳಿಗೇ ಹುಟ್ಟಿದ ಕೂಸು, ತೂಕ ಒಂದೂವರೆ ಕಿಲೋ. ತಾಯಿಗೆ ಸಿಸೇರಿಯನ್ ಆಗಿತ್ತು, ಬಿಪಿ ಇಳಿದಿರಲಿಲ್ಲ. ಎದ್ದು ಕೂರುವ ಸ್ಥಿತಿಯಲ್ಲಿರಲಿಲ್ಲ. ಅಪ್ಪ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ ಮಾಡುವ ಹುಡುಗ. ಸುದ್ದಿ ತಿಳಿದು ರಾತ್ರಿ ಬಸ್ಸಿಗೆ ಬಂದಿದ್ದ. ಬಾಗಿಲಲ್ಲೇ ನಿಂತು ನೋಡುತ್ತಿದ್ದ. "ಒಳಗ ಬಾ ತಮ್ಮಾ, ಅಂಗಿ ಬಿಚ್ಚು" ಅಂದೆ. ಗಾಬರಿಯಾದ. ಸೋಪು ಹಚ್ಚಿ ಕೈ ತೊಳೆಸಿದೆ. ಸಿಮೆಂಟಿಗೆ ಬೆರಳಿನ ಸಂದಿಯೆಲ್ಲ ಬಿರಿದಿತ್ತು. ಎಷ್ಟು ತಿಕ್ಕಿದರೂ ಉಗುರಿನ ಅಂಚಿನ ಬೂದು ಬಣ್ಣ ಹೋಗಲಿಲ್ಲ. "ನನ್ನ ಕೈ ಭಾಳ ಒರಟ ಅದಾವ್ರಿ ಸಿಸ್ಟರ್, ಕೂಸಿಗೆ ಚುಚ್ಚತಾವು" ಅಂದ.

ಕೈ ಬೇಡ, ಎದೆ ಸಾಕು ಅಂದೆ. ಕುರ್ಚಿಯಲ್ಲಿ ಒರಗಿಸಿ ಕೂರಿಸಿದೆ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಇಷ್ಟೇ. ಅವನ ಎದೆಯ ನಡುವೆ ನೆಟ್ಟಗೆ ಮಲಗಿಸಿ, ಉಸಿರಾಡಲು ತಲೆ ಒಂದು ಪಕ್ಕಕ್ಕೆ ತಿರುಗಿಸಿ, ಕೈಕಾಲು ಮಡಿಸಿ, ಮೇಲೆ ಬಟ್ಟೆ ಸುತ್ತಿ ಕಟ್ಟಿದೆ. ಅವನು ಅಲುಗಾಡದೆ ಕೂತ. ಒಂದಷ್ಟು ಹೊತ್ತಾದ ಮೇಲೆ ಕೂಸಿನ ಅಂಗಾಲು ಮುಟ್ಟಿ ನೋಡಿದೆ. ತಣ್ಣಗಿದ್ದದ್ದು ಬೆಚ್ಚಗಾಗಿತ್ತು. ಅವನ ಬೆರಳನ್ನೂ ಹಿಡಿದು ಮುಟ್ಟಿಸಿದೆ. "ಇದು ನನ್ನಿಂದ ಆತೇನ್ರಿ?" ಅಂತ ಕೇಳಿದ. "ಹೌದಪ್ಪ, ನಿನ್ನಿಂದನ ಆತು" ಅಂದೆ.

ಮರುದಿನ ಕರೆಯದೆ ತಾನೇ ಬಂದು ಅಂಗಿ ಬಿಚ್ಚಿ ಕೂತ. ಅದರ ಮರುದಿನ ಇನ್ನೊಬ್ಬ ಹೊಸ ಅಪ್ಪನಿಗೆ ಟೋಪಿ ಹೇಗೆ ಹಾಕಬೇಕು ಅಂತ ಇವನೇ ಹೇಳಿಕೊಡುತ್ತಿದ್ದ. ಭಾನುವಾರ ಸಂಜೆ ಬ್ಯಾಗು ಹಿಡಿದು ನನ್ನ ಮುಂದೆ ಬಂದು ನಿಂತ. "ನಾಳೆ ಮುಂಜಾನೆ ಇರಲಿಲ್ಲ ಅಂದ್ರ ಮೇಸ್ತ್ರಿ ಬೇರೇರನ್ನ ಹಚ್ಚಿಕೋತಾನ್ರಿ. ಕೂಸಿನ್ನ ಎದಿಮ್ಯಾಲೆ ಯಾರು ಹಾಕ್ಕೋತಾರ್ರಿ?" ಅಂದ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮ ಹತ್ತಿರ ಇದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಹೀಗೆ ಕೂಸನ್ನು ಬರಿ ಎದೆಗೆ ಹಾಕಿಕೊಳ್ಳುವುದಕ್ಕೆ ಕಾಂಗರೂ ಆರೈಕೆ ಅನ್ನುತ್ತಾರೆ. ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1978ರಲ್ಲಿ ಶುರುವಾದದ್ದು. ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯಲ್ಲಿ ಡಾಕ್ಟರು ತಾಯಂದಿರ ಮೈಯ ಕಾವನ್ನೇ ಬಳಸಿದರು. ಇವತ್ತು ಅದು ಬಡವರ ಉಪಾಯ ಅಲ್ಲ. ದಿನ ತುಂಬದೆ ಹುಟ್ಟಿದ, ತೂಕ ಕಮ್ಮಿ ಇರುವ ಮಕ್ಕಳಿಗೆ ಹುಟ್ಟಿದಾಗಿನಿಂದಲೇ ದಿನಕ್ಕೆ 8ರಿಂದ 24 ಗಂಟೆ ಹೀಗೆ ಎದೆಗೆ ಹಾಕಿಕೊಳ್ಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮ ಕೊಪ್ಪಳದಲ್ಲಿ ಇದನ್ನು ಜಿಲ್ಲೆಯಾದ್ಯಂತ ಮಾಡಿಸಿ ಅಧ್ಯಯನವೂ ನಡೆದಿದೆ. ಈಗ ಆ ಗಂಟೆಗಳ ಲೆಕ್ಕ ನೋಡಿ. ಹೊಟ್ಟೆಗೆ ಹೊಲಿಗೆ ಬಿದ್ದ ಬಾಣಂತಿ ಒಬ್ಬಳೇ ಅಷ್ಟು ಹೊತ್ತು ಕೂರಲು ಆಗುತ್ತದಾ? ಅವಳು ಉಣ್ಣಬೇಕು, ಮಲಗಬೇಕು, ಸ್ನಾನಕ್ಕೆ ಹೋಗಬೇಕು. ಹಾಲು ಕುಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅಪ್ಪನಿಂದ ಆಗುವ ಕೆಲಸ. ಅವನ ಎದೆಯ ಕಾವೂ ಕಾವೇ.

ಹುಟ್ಟಿದ ಮಗುವಿನ ಹತ್ತಿರ ಗಂಡಸಿಗೆ ಏನು ಕೆಲಸ ಅಂತ ಕೇಳುವ ಹಿರಿಯರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ನಾನು ಕೆಲಸದ ಪಟ್ಟಿಯನ್ನೇ ಒಪ್ಪಿಸುತ್ತಿದ್ದೆ. ಸಿಸೇರಿಯನ್ ಆದರೆ ವಾರದವರೆಗೆ ಆಸ್ಪತ್ರೆ. ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಊಟ ಕೊಡುವುದೂ ಆ ಲೆಕ್ಕದಲ್ಲೇ, ಸಹಜ ಹೆರಿಗೆಗೆ 3 ದಿನ, ಆಪರೇಷನ್‌ಗೆ 7 ದಿನ. ಅಷ್ಟೂ ದಿನ ರಾತ್ರಿ ಯಾರಾದರೂ ಎಚ್ಚರ ಇರಬೇಕು. ರಕ್ತ ಬೇಕಾದರೆ ಓಡಬೇಕು. ಮನೆಗೆ ಹೋದ ಮೇಲೆ ಆಶಾ ಕಾರ್ಯಕರ್ತೆ 3, 7, 14ನೇ ದಿನ ಹೀಗೆ ಬಂದು ನೋಡುತ್ತಾಳೆ. ಮಗು ಮೊಲೆ ಚೀಪುತ್ತಿಲ್ಲವಾ, ಮೈ ತಣ್ಣಗಾಗಿದೆಯಾ, ಉಸಿರು ಜೋರಾಗಿದೆಯಾ, ಅಂಗೈ ಅಂಗಾಲಿಗೆ ಹಳದಿ ಇಳಿದಿದೆಯಾ, ಬಾಣಂತಿಗೆ ಜ್ವರ, ಜಾಸ್ತಿ ರಕ್ತ ಹೋಗುತ್ತಿದೆಯಾ, ಇವೆಲ್ಲ ಅವಳು ಹೇಳಿಕೊಡುತ್ತಾಳೆ. ಕೇಳಿಸಿಕೊಳ್ಳಲು ಅಪ್ಪ ಮನೆಯಲ್ಲಿ ಇರುವುದೇ ಇಲ್ಲ. ನಡುರಾತ್ರಿ ಗಾಡಿ ಮಾಡಿಸಿ ಆಸ್ಪತ್ರೆಗೆ ಹೊರಡುವುದಾ, ಬೆಳಗಾಗಲಿ ಅಂತ ಕಾಯುವುದಾ ಎಂದು ಕೊನೆಗೆ ತೀರ್ಮಾನ ಮಾಡುವವನು ಮಾತ್ರ ಅವನೇ, ಅದೂ ಫೋನಿನಲ್ಲಿ. ಆ ಲಕ್ಷಣಗಳನ್ನು ಅವನೂ ಕಣ್ಣಾರೆ ನೋಡಿ ಕಲಿತಿದ್ದರೆ "ಈಗಲೇ ಹೊರಡ್ರಿ" ಅಂತ ಹೇಳುತ್ತಿದ್ದ. ನಾನು 15 ದಿನ ಅಂತ ಕೇಳುತ್ತಿರುವುದು ಈ ಲೆಕ್ಕದಿಂದ. ಆಸ್ಪತ್ರೆಗೆ ಒಂದು ವಾರ, ಮನೆಗೆ ಒಂದು ವಾರ. ಜನನ ನೋಂದಣಿಯೂ 21 ದಿನದೊಳಗೆ ಆಗಬೇಕಲ್ಲ, ಆ ಓಡಾಟವೂ ಅದರಲ್ಲೇ ಮುಗಿಯುತ್ತದೆ.

ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಕುಬಸ ಮಾಡಿ ಹುಡುಗಿಯನ್ನು ಕರಕೊಂಡು ಹೋದರೆ ಅವಳು ಕೂಸಿನ ಜೊತೆ ಗಂಡನ ಮನೆಗೆ ಬರುವುದು ಮೂರು ತಿಂಗಳಿಗೋ ಐದು ತಿಂಗಳಿಗೋ. ಬಾಣಂತನ ತವರಿನಲ್ಲಿ ಆಗುವುದು ಒಳ್ಳೆಯದೇ. ಬಿಸಿ ನೀರು, ಅಂಟಿನುಂಡೆ, ತಾಯಿಯ ಕೈ ಊಟ, ನಿದ್ದೆ, ಇದನ್ನೆಲ್ಲ ತಪ್ಪಿಸಬೇಕು ಅಂತ ನಾನು ಖಂಡಿತ ಹೇಳಲ್ಲ. ಆದರೆ ಅಲ್ಲಿ ಅಪ್ಪ ಅಳಿಯನಾಗಿ ಬರುತ್ತಾನೆ. ಶನಿವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಭಾನುವಾರ ಬೆಳಿಗ್ಗೆ ಇಳಿದು, ಉಂಡು, ಕೂಸಿನ ಮುಖ ನೋಡಿ, ಸಂಜೆ ಮತ್ತೆ ಬಸ್ಸು. ಅಳಿಯ ಬಂದ ಅಂತ ಹೋಳಿಗೆ ಮಾಡುತ್ತಾರೆ. ಕೂಸಿನ ಲಂಗೋಟಿ ಒಗೆದು ಹಾಕು ಅಂತ ಯಾರೂ ಹೇಳಲ್ಲ. ಅರ್ಧ ದಿನಕ್ಕೆ ಬಂದವನಿಗೆ ಹೇಳುವುದಾದರೂ ಹೇಗೆ? ಎರಡು ವಾರ ಅಲ್ಲೇ ಇದ್ದರೆ ಆ ಮುಜುಗರ ತಾನಾಗಿಯೇ ಹೋಗುತ್ತದೆ. ಇದ್ದು ಮಾಡಿದವರನ್ನು ನಾನು ನೋಡಿದ್ದೇನೆ. ಅತ್ತೆಯೇ ಅಳಿಯನ ಕೈಗೆ ಕೂಸು ಕೊಟ್ಟು ನೀರು ಕಾಯಿಸಲು ಹೋಗುತ್ತಿದ್ದರು.

ಈಗ ಕಾನೂನಿನ ವಿಷಯ. ತಾಯಂದಿರ ಹೆರಿಗೆ ಸೌಲಭ್ಯದ ಪರವಾಗಿ ಡಾ. ಅಂಬೇಡ್ಕರ್ ಬಾಂಬೆ ವಿಧಾನ ಪರಿಷತ್ತಿನಲ್ಲಿ ಮಾತಾಡಿದ್ದು 1928ರಲ್ಲಿ. ಇಡೀ ದೇಶಕ್ಕೆ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಹೆರಿಗೆಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಇದೆಲ್ಲ ಹೋರಾಡಿ ಪಡೆದದ್ದು, ಒಂದು ದಿನವೂ ಕಮ್ಮಿಯಾಗಬಾರದು. ಆದರೆ ಇಷ್ಟು ವರ್ಷದಲ್ಲಿ ಖಾಸಗಿ ಕೆಲಸದಲ್ಲಿರುವ ಅಪ್ಪನ ರಜೆಗೆ ಒಂದು ಸಾಲೂ ಸೇರಲಿಲ್ಲ. ಮಹಾರಾಷ್ಟ್ರದ ಸಂಸದ ರಾಜೀವ್ ಸಾತವ್ 2017ರಲ್ಲಿ ಲೋಕಸಭೆಯಲ್ಲಿ ಇದಕ್ಕಾಗಿಯೇ ಖಾಸಗಿ ಮಸೂದೆ ತಂದಿದ್ದರು, ಪಾಸಾಗಲಿಲ್ಲ. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅಪ್ಪನಿಗೆ ರಜೆ ಇಲ್ಲ. ಅದೇ ಹೊತ್ತಿಗೆ ಕೇಂದ್ರ ಸರ್ಕಾರಿ ನೌಕರನಿಗೂ ನಮ್ಮ ರಾಜ್ಯ ಸರ್ಕಾರಿ ನೌಕರನಿಗೂ 15 ದಿನ ಪಿತೃತ್ವ ರಜೆ ಇದೆ. ಬೆಂಗಳೂರಿನ ಕೆಲವು ದೊಡ್ಡ ಐಟಿ ಕಂಪನಿಗಳು ತಾವಾಗಿಯೇ ಕೊಡುತ್ತವೆ. ಹಾಗಾದರೆ ತಹಶೀಲ್ದಾರರ ಆಫೀಸಿನ ಗುಮಾಸ್ತನ ಕೂಸಿಗೆ ಅಪ್ಪ ಬೇಕು, ಆ ಆಫೀಸಿನ ಎದುರು ಝೆರಾಕ್ಸ್ ಅಂಗಡಿಯಲ್ಲಿ ದುಡಿಯುವವನ ಕೂಸಿಗೆ ಬೇಡ ಅಂತಾನಾ?

ಇದು ಕೇಂದ್ರದ ವಿಷಯ ಅಂತ ದಯವಿಟ್ಟು ಹೇಳಬೇಡಿ. ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯವೂ ಕಾನೂನು ಮಾಡಬಹುದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ನಮ್ಮ ರಾಜ್ಯದ್ದೇ. ಅದರಲ್ಲಿ ರಜೆಯ ಭಾಗಕ್ಕೆ ಒಂದು ಕಲಂ ಸೇರಿಸಿದರೆ ಅಂಗಡಿ, ಹೋಟೆಲು, ಖಾಸಗಿ ಆಫೀಸುಗಳಲ್ಲಿ ದುಡಿಯುವವರು ಅದರೊಳಗೆ ಬರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ನಿಮ್ಮದೇ ಸಂಪುಟ ವರ್ಷಕ್ಕೆ 12 ದಿನ ಸಂಬಳದ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರಿ ಕಚೇರಿ ಅಷ್ಟೇ ಅಲ್ಲ, ಗಾರ್ಮೆಂಟ್ಸ್, ಐಟಿ, ಖಾಸಗಿ ಕಂಪನಿ ಎಲ್ಲವನ್ನೂ ಸೇರಿಸಿ. ಆವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ. ಅಷ್ಟು ಧೈರ್ಯ ಮಾಡಿದ ಸರ್ಕಾರಕ್ಕೆ ಇದು ದೊಡ್ಡದಲ್ಲ.

ದುಡ್ಡು ಯಾರು ಕೊಡಬೇಕು? ಸಣ್ಣ ಅಂಗಡಿಯ ಮಾಲೀಕನ ಕಷ್ಟವೂ ನಿಜ. ಇಬ್ಬರು ಆಳು ಇಟ್ಟುಕೊಂಡವನ ತಲೆಗೆ 15 ದಿನದ ಸಂಬಳ ಕಟ್ಟಿದರೆ ಅವನು ಮದುವೆಯಾದ ಹುಡುಗರನ್ನು ಕೆಲಸಕ್ಕೇ ಸೇರಿಸಿಕೊಳ್ಳದೆ ಹೋಗಬಹುದು. ಹಾಗಾಗಿ ದೊಡ್ಡ ಕಂಪನಿ ತಾನೇ ಕೊಡಲಿ, ಸಣ್ಣವರಿಗೆ ಕಲ್ಯಾಣ ಮಂಡಳಿಗಳಿಂದ ಸಹಾಯ ಸಿಗಲಿ. ಕಟ್ಟಡ ಕಾರ್ಮಿಕರಿಗಂತೂ ದಾರಿ ಸಿದ್ಧವಾಗೇ ಇದೆ. ಕಟ್ಟಡದ ಖರ್ಚಿನ ಮೇಲೆ ಶೇ. 1ರಷ್ಟು ಸೆಸ್ ಮಂಡಳಿಗೆ ಬರುತ್ತದೆ. ನೋಂದಾಯಿತ ಮಹಿಳಾ ಕಾರ್ಮಿಕರಿಗೆ ಅದರಿಂದ ಹೆರಿಗೆ ಸಹಾಯಧನ ಕೊಡುತ್ತೀರಿ. ಅದೇ ನಿಧಿಯಿಂದ ನೋಂದಾಯಿತ ಗಂಡಸಿಗೂ, ಮಗು ಹುಟ್ಟಿದಾಗ 15 ದಿನದ ಕನಿಷ್ಠ ಕೂಲಿ ಕೊಡಬಹುದು. ಅರ್ಜಿಗೆ ತಾಯಿ ಕಾರ್ಡು ಮತ್ತು ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ ಸಾಕು, ಹತ್ತು ಕಡೆ ಸಹಿಗೆ ಅಲೆಸಬೇಡಿ. ಊಟ, ಸಾಮಾನು ತಲುಪಿಸುವ ಹುಡುಗರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದ್ದೀರಿ. ಅದರಲ್ಲಿ ಕಂಪನಿಗಳಿಂದ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಇದೆ. ಆ ಹುಡುಗರಿಗೆ ಏನೇನು ಸೌಲಭ್ಯ ಅಂತ ಪಟ್ಟಿ ಮಾಡುವಾಗ ಇದನ್ನೂ ಬರೆದುಬಿಡಿ. ಆ್ಯಪ್ ಆಫ್ ಮಾಡಿದ ದಿನ ಅವರಿಗೆ ಒಂದು ರೂಪಾಯಿಯೂ ಹುಟ್ಟಲ್ಲ. ಹೆರಿಗೆ ಕೋಣೆಯ ಹೊರಗೆ ಹೆಲ್ಮೆಟ್ ಹಿಡಿದೇ ನಿಂತು, ಮಗು ಅತ್ತದ್ದು ಕೇಳಿಸಿದ ಮೇಲೆ ಆರ್ಡರ್‌ಗೆ ಓಡಿದವರನ್ನು ಕಂಡವಳು ನಾನು.

ರಜೆ ಕೊಟ್ಟರೆ ಗಂಡಸರು ಕುಡಿದು ಮಲಗುತ್ತಾರೆ ಅಂತ ನನ್ನ ಜೊತೆ ಕೆಲಸ ಮಾಡಿದ ಕೆಲವರೇ ಹೇಳುತ್ತಾರೆ. ಅಂಥವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ನಾಲ್ಕು ಜನ ಹಾಳು ಅಂತ ಬಾಗಿಲಲ್ಲಿ ಕಾದು ನಿಂತ ನೂರು ಜನಕ್ಕೆ ಇಲ್ಲ ಅನ್ನುವುದು ಸರಿಯಾ? ಹೆಣ್ಣುಮಕ್ಕಳ ದೃಷ್ಟಿಯಿಂದಲೂ ಯೋಚಿಸಿ. ಮದುವೆಯಾದ ಹುಡುಗಿ ಕೆಲಸಕ್ಕೆ ಬಂದರೆ 26 ವಾರ ರಜೆ ಕೊಡಬೇಕಲ್ಲ ಅಂತ ಲೆಕ್ಕ ಹಾಕುವ ಮಾಲೀಕರು ಇದ್ದಾರೆ. ಮಗು ಹುಟ್ಟಿದರೆ ಗಂಡಸೂ ರಜೆ ಹಾಕುತ್ತಾನೆ ಅಂತಾದರೆ ಆ ತಾರತಮ್ಯ ಒಂದಿಷ್ಟಾದರೂ ಇಳಿಯುತ್ತದೆ. ವಿರಾಟ್ ಕೊಹ್ಲಿ 2020ರ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟ್ ಮುಗಿಸಿ, ಹೆಂಡತಿಯ ಹೆರಿಗೆ ಇದೆ ಅಂತ ಸರಣಿಯ ನಡುವೆಯೇ ಮನೆಗೆ ಬಂದರು. ನಮ್ಮ ಕೆ.ಎಲ್. ರಾಹುಲ್ 2025ರ ಮಾರ್ಚ್‌ನಲ್ಲಿ ಮಗಳು ಹುಟ್ಟುವ ಹೊತ್ತಿಗೆ ಐಪಿಎಲ್‌ನಲ್ಲಿ ತಮ್ಮ ತಂಡದ ಮೊದಲ ಪಂದ್ಯ ಬಿಟ್ಟರು. ಊರಿನ ಹುಡುಗರು ಇದನ್ನೆಲ್ಲ ನೋಡುತ್ತಾರೆ. ತಾವೂ ಹಾಗೇ ಇರಬೇಕು ಅನ್ನುವ ಆಸೆ ಅವರಿಗೂ ಬಂದಿದೆ.

ಅಪ್ಪನ ಜಾಗದಲ್ಲಿ ನಿಂತವರ ಬಗ್ಗೆ ಹೇಳದೆ ಈ ಪತ್ರ ಮುಗಿಸಲಾರೆ. ಎಲ್ಲ ಕೂಸಿಗೂ ಅಪ್ಪ ಇರಲ್ಲ. ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಬಿಟ್ಟು ಹೋಗಿರುತ್ತಾರೆ. ಅಲ್ಲಿ ಅಜ್ಜ, ಸೋದರಮಾವ, ದೊಡ್ಡಪ್ಪ, ಚಿಕ್ಕಪ್ಪ ಯಾರೋ ಒಬ್ಬರು ನಿಲ್ಲುತ್ತಾರೆ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರೊಬ್ಬರು ಇದ್ದರು. ಮಗಳು ಏಳು ತಿಂಗಳ ಬಸುರಿ ಇದ್ದಾಗ ಅಳಿಯ ಹೋಗಿಬಿಟ್ಟಿದ್ದ. ಹೆರಿಗೆಯಾದ ಮೇಲೆ ದಿನಾ ಮಾರುಕಟ್ಟೆ ಮುಗಿಸಿ ನೇರ ಆಸ್ಪತ್ರೆಗೆ ಬರುತ್ತಿದ್ದರು. ಮೈಗೆ, ಅಂಗಿಗೆ ಹತ್ತಿದ ಮೆಣಸಿನಕಾಯಿ ಘಾಟು ಕೂಸಿಗೆ ತಾಗಬಾರದು ಅಂತ ಆಸ್ಪತ್ರೆ ಹಿಂದಿನ ನಲ್ಲಿ ಕೆಳಗೆ ತಲೆಯ ಮೇಲಿಂದ ನೀರು ಸುರಿದುಕೊಂಡು, ಚೀಲದಲ್ಲಿ ತಂದ ಬೇರೆ ಅಂಗಿ ಹಾಕಿಕೊಂಡೇ ಒಳಗೆ ಕಾಲಿಡುತ್ತಿದ್ದರು. ಆಮೇಲೂ ಕೈ ಮೂಸಿ ನೋಡಿಕೊಳ್ಳುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಂಡು ಮಗಳಿಗೆ "ನೀ ಮಲಗವ್ವಾ" ಅನ್ನುತ್ತಿದ್ದರು. ರಾತ್ರಿಯಿಡೀ ಎಚ್ಚರ ಇದ್ದು ಬೆಳಿಗ್ಗೆ ಮತ್ತೆ ಚೀಲ ಹೊರಲು ಹೋಗುತ್ತಿದ್ದರು.

ಅಂಥವರನ್ನು ಹೊರಗಿಟ್ಟು ರಜೆಯ ಕಾನೂನು ಬರೆದರೆ ನನಗೆ ಸಮಾಧಾನ ಆಗಲ್ಲ. ಅಪ್ಪ ಇಲ್ಲದ ಕಡೆ, ಅಥವಾ ಅಪ್ಪ ಬರಲಾಗದ ಕಡೆ, ತಾಯಿ ಯಾರ ಹೆಸರು ಹೇಳುತ್ತಾಳೋ ಅವರಿಗೆ ಆ 15 ದಿನ ಸಿಗಲಿ. ತಾಯಿಯ ಸಹಿ ಇದ್ದರೆ ಸಾಕು. ದತ್ತು ತೆಗೆದುಕೊಂಡ ಅಪ್ಪನಿಗೂ ಸಿಗಲಿ, ಅಲ್ಲಿ ಮಗು ಮನೆಗೆ ಬಂದ ದಿನದಿಂದ ಲೆಕ್ಕ. ಒಬ್ಬನೇ ಮಕ್ಕಳನ್ನು ಸಾಕುವ ಅಪ್ಪನಿಗೆ ಕೇಂದ್ರ ಸರ್ಕಾರಿ ನೌಕರಿಯಲ್ಲಿ ಶಿಶುಪಾಲನಾ ರಜೆ 730 ದಿನದವರೆಗೆ ಸಿಗುತ್ತದೆ. ಖಾಸಗಿಯಲ್ಲಿ ದುಡಿಯುವ ಅಂಥ ಅಪ್ಪನಿಗೆ ಏನು ಮಾಡಬಹುದು ಅಂತಲೂ ಯೋಚಿಸಿ.

ಇನ್ನು ಎರಡು ಮಾತು. ರಜೆಗೆ ಹೋದವನನ್ನು ಕೆಲಸದಿಂದ ತೆಗೆಯಬಾರದು. ತಾಯಂದಿರಿಗೆ ಇರುವ ಆ ರಕ್ಷಣೆ ಅಪ್ಪನಿಗೂ ಇರಲಿ, ಇಲ್ಲದಿದ್ದರೆ ಮೇಸ್ತ್ರಿಯ ಭಯಕ್ಕೆ ಯಾರೂ ರಜೆ ಕೇಳಲ್ಲ. ರಜೆಯನ್ನು ಒಂದೇ ಸಲ ತಗೊಳ್ಳಲಿ, ಅಥವಾ ಎರಡು ಭಾಗ ಮಾಡಿ ಹೆರಿಗೆಗೆ ಒಂದಷ್ಟು, ಬಾಣಂತಿ ತವರಿನಿಂದ ವಾಪಸ್ ಬಂದಾಗ ಒಂದಷ್ಟು ತಗೊಳ್ಳಲಿ. ಅಮ್ಮನ ಮನೆ ಬಿಟ್ಟು ಬಂದ ಆ ಮೊದಲ ವಾರ ಹುಡುಗಿಯರಿಗೆ ಎಷ್ಟು ಕಷ್ಟ ಅನ್ನುವುದು ನಿಮ್ಮ ಮನೆಯ ಹೆಣ್ಣುಮಕ್ಕಳನ್ನು ಕೇಳಿದರೂ ಗೊತ್ತಾಗುತ್ತದೆ.

ಕರಡು ಬರೆಯುವ ಸಮಿತಿ ಮಾಡಿದಾಗ ಅಧಿಕಾರಿಗಳು, ಮಾಲೀಕರ ಸಂಘ, ಕಾರ್ಮಿಕ ಸಂಘಗಳ ಜೊತೆ ಹೆರಿಗೆ ವಾರ್ಡಿನ ಒಬ್ಬ ನರ್ಸನ್ನು, ಒಬ್ಬ ಆಶಾ ಕಾರ್ಯಕರ್ತೆಯನ್ನು, ಈಚೆಗೆ ಅಪ್ಪನಾದ ಒಬ್ಬ ಗೌಂಡಿಯನ್ನು ಕೂರಿಸಿ. ಸಭೆ ಬೆಂಗಳೂರಿನಲ್ಲೇ ಇಟ್ಟರೂ ಪರವಾಗಿಲ್ಲ. ಕರೆದರೆ ನಾನೂ ರಾತ್ರಿ ಬಸ್ಸಿಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಾವೇರಿ ಜಿಲ್ಲೆಯ ಒಬ್ಬ ನಿವೃತ್ತ ನರ್ಸ್